ಅಜ್ಜಿಗೆ ಹೇಳಿದ ಜಿಂಕ್ ಪಾಠ

ಆರೋಗ್ಯ ಸಹಾಯಕಿಯಾಗಿ ನಾನು ಮಧುಗಿರಿ, ಪಾವಗಡ, ಕೊರಟಗೆರೆ ಎಲ್ಲ ಸುತ್ತಿದ್ದೇನೆ. ನಾವು ಹೇಳಿ ಬರುವುದೊಂದು, ಮನೆಯಲ್ಲಿ ನಡೆಯುವುದು ಇನ್ನೊಂದು; ಇದು ಯಾವ ಊರಲ್ಲೂ ತಪ್ಪಿದ್ದಲ್ಲ. ಆದರೆ ಶಿರಾ ಕಡೆ, ಹುಲಿಕುಂಟೆ ಹತ್ತಿರದ ಒಂದು ಮನೆಯಲ್ಲಿ ಮಾತ್ರ ನಗುವುದಕ್ಕೂ ಭಯವಾಗುತ್ತಿತ್ತು.

ಆ ಮನೆಯ ಎರಡು ವರ್ಷದ ಹೆಣ್ಣುಮಗು ಊಟ ಕಂಡರೆ ಮುಖ ತಿರುಗಿಸುತ್ತಿತ್ತು. ಪದೇ ಪದೇ ಭೇದಿ, ತೂಕ ಏರುತ್ತಲೇ ಇರಲಿಲ್ಲ. ಜಿಂಕ್ ಕೊರತೆ ಇರಬೇಕೆಂದು ಡಾಕ್ಟರು ಮಾತ್ರೆ ಕೊಟ್ಟರು. ಮುಂದೆ ಅದು ಊಟದಿಂದಲೇ ಮೈಗೆ ಹತ್ತಬೇಕಲ್ಲ. ಅದನ್ನು ಹೇಳಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಆ ಮನೆಯಲ್ಲಿ ಒಲೆಯ ಯಜಮಾನಿಕೆ ಅಜ್ಜಿಯದು. ಮಗುವಿನ ತಾಯಿ, ಪಾಪ, ಅತ್ತೆಯ ಮುಂದೆ ಬಾಯಿ ಬಿಡುವವಳಲ್ಲ.

೧. ನೀರು

ಕಾಳಲ್ಲಿ ಜಿಂಕ್ ಇದ್ದರೂ ಅದನ್ನು ಬಿಡದೆ ಹಿಡಿದುಕೊಳ್ಳುವ ಅಂಶವೂ ಇದೆ, ನೆನೆಸಿದರೆ ಹಿಡಿತ ಸಡಿಲವಾಗುತ್ತದೆ, ಆ ನೀರು ಚೆಲ್ಲಿ ಬೇಯಿಸಿ ಎಂದು ಹೇಳಿ ಬಂದೆ. ವಾರ ಬಿಟ್ಟು ಹೋದರೆ ಮಗು ಹಾಗೇ ಸೊರಗಿತ್ತು. ವಿಚಾರಿಸಿದಾಗ ತಿಳಿಯಿತು, ಅಜ್ಜಿ ಆ ನೀರನ್ನು ಮಗುವಿಗೆ ಕುಡಿಸಿ, ಕಾಳಲ್ಲಿ ಉಳಿದವರಿಗೆ ಸಾರು ಮಾಡುತ್ತಿದ್ದರು. ಸತ್ವವೆಲ್ಲ ನೀರಿಗೆ ಇಳಿದಿರುತ್ತದೆಂದು ಅವರ ನಂಬಿಕೆ. ನಾನು ಮತ್ತೆ ಮೊದಲಿನಿಂದ ವಿವರಿಸಿದೆ. ಅಜ್ಜಿ ಎಲ್ಲ ಕೇಳಿ ಒಪ್ಪಿದರು.

"ಮಗೀಗೆ ಆಗದಿದ್ರೆ ನಮ್ ಯಜಮಾನ್ರಿಗೆ ಕೊಡ್ತೀನಿ ಬುಡು. ಚೆಲ್ಲಾಕೆ ಮನಸ್ಸು ಬರಾಕಿಲ್ಲ ಕಣಮ್ಮ."

೨. ಕಾವು

ಮುಂದಿನ ಸಲ, ರಾಗಿ ನೆನೆಸಿ ಬಟ್ಟೆಯಲ್ಲಿ ಕಟ್ಟಿ ಬೆಚ್ಚಗಿನ ಜಾಗದಲ್ಲಿಡಿ, ಮೊಳಕೆ ಬರಲಿ ಎಂದೆ. ಆ ಮನೆಯಲ್ಲಿ ಎಲ್ಲಕ್ಕಿಂತ ಬೆಚ್ಚಗಿದ್ದದ್ದು ಕಾವಿಗೆ ಕೂತ ಕೋಳಿಯ ಹೊಟ್ಟೆ. ಅಜ್ಜಿ ಗಂಟನ್ನು ಮೊಟ್ಟೆಗಳ ನಡುವೆ ಸೇರಿಸಿದ್ದರು. ಮೊಳಕೆಯೇನೋ ಸೊಗಸಾಗಿ ಬಂತು. ಆದರೆ ಕೋಳಿ ಬಟ್ಟೆ ಹರಿದು ಅಷ್ಟನ್ನೂ ಕುಕ್ಕಿ ತಿಂದಿತ್ತು. ಮಗುವಿನ ಪಾಲು ಹೀಗೆ ಹೋಯಿತಲ್ಲ ಎಂದು ನನಗೆ ನಿಜಕ್ಕೂ ಸಿಟ್ಟು ಬಂತು. ಅಜ್ಜಿ ಸಮಾಧಾನವಾಗಿ ಕೋಳಿಯನ್ನು ಎತ್ತಿ ತೋರಿಸಿದರು.

"ನೀನ್ ಹೇಳಿದ್ದು ಸುಳ್ಳಲ್ಲ ನರ್ಸಮ್ಮ. ನೋಡು, ಹೆಂಗೆ ಮಿಂಚ್ತೈತೆ."

೩. ತೂಕ

ಆಮೇಲೆ ಗಂಟು ಒಲೆಯ ಪಕ್ಕಕ್ಕೆ ಬಂತು. ಮೊಳಕೆ ರಾಗಿಯ ಗಂಜಿ, ಆಗಾಗ ಮೊಟ್ಟೆ, ಎಲ್ಲ ಸರಿಯಾಗಿ ನಡೆಯಿತು. ಅಂಗನವಾಡಿಯಲ್ಲಿ ತೂಕ ನೋಡುವ ದಿನ ಬಂತು. ಈ ಸಲವೂ ಏರದಿದ್ದರೆ ಮಗುವನ್ನು ಆಸ್ಪತ್ರೆಗೆ ಸೇರಿಸಬೇಕಿತ್ತು. ತಾಯಿಗೆ ನೋಡುವ ಧೈರ್ಯವಿಲ್ಲ, ಬಾಗಿಲಲ್ಲಿ ಆಚೆ ತಿರುಗಿ ನಿಂತಿದ್ದಳು.

ಮುಳ್ಳು ಚೆನ್ನಾಗಿಯೇ ಮುಂದೆ ಹೋಗಿತ್ತು. ಅದನ್ನು ನಾನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ನನ್ನ ಕೈ ಅದುಮಿ, ಸುತ್ತ ನೆರೆದ ಹೆಂಗಸರ ಕಡೆ ಕಣ್ಣು ಹಾಯಿಸಿ, ಏರಿದೆ ಅಂದರೆ ದೃಷ್ಟಿಯಾಗುತ್ತೆ, ಇಳಿದಿದೆ ಅನ್ನು ಎಂದು ಪಿಸುಗುಟ್ಟಿದರು. ಆ ಮುಖ ನೋಡಿ ಇಲ್ಲವೆನ್ನಲು ನನ್ನಿಂದಾಗಲಿಲ್ಲ. ಇಳಿದಿದೆ ಎಂದುಬಿಟ್ಟೆ.

ಹೆಂಗಸರೆಲ್ಲ ಲೊಚಗುಟ್ಟಿದರು. ತಾಯಿ ಮಾತ್ರ ಅದನ್ನೇ ನಿಜವೆಂದುಕೊಂಡು ಬಾಗಿಲಲ್ಲೇ ಕುಸಿದು ಅಳತೊಡಗಿದಳು. ನಾನು ಓಡಿಹೋಗಿ ಅವಳ ಕಿವಿಯಲ್ಲಿ ನಿಜ ಹೇಳಿದೆ. ಕಣ್ಣೀರು ಒರೆಸಿಕೊಳ್ಳುವುದನ್ನೂ ಮರೆತು ಅವಳು ನಕ್ಕುಬಿಟ್ಟಳು. ಅಜ್ಜಿ ಮಗುವನ್ನು ಸೆರಗಲ್ಲಿ ಮುಚ್ಚಿಕೊಂಡು ಬಂದು, ಹಲ್ಲು ಕಚ್ಚಿ ಮೆಲ್ಲಗೆ ಗದರಿದರು.

"ನಗಬ್ಯಾಡ ಕಣೇ, ಅಳ್ತಾನೇ ಇರು. ಜನ ನೋಡ್ತಾವ್ರೆ."