ನೂರು ಅಂಕದ ಪರೀಕ್ಷೆ ಮತ್ತು ಸಡಿಲಾದ ಚೈನ್ ಕವರ್

೨೦೧೧ರ ನವೆಂಬರ್ ೧೩, ಭಾನುವಾರ, ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ. ನನ್ನ ಹಳೆಯ ಮೋಟರ್‌ಸೈಕಲ್ ಕೊಟ್ಟು ಅದಕ್ಕಿಂತ ಶಕ್ತಿಶಾಲಿಯಾದ ಇನ್ನೊಂದನ್ನು ತರಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಇತ್ಯರ್ಥ ಮಾಡಲು ನಾನು ಜಮಖಂಡಿಯ ನಮ್ಮ ಮನೆಯಿಂದ ಹೊರಟ ಹೊತ್ತು ಅದು. ಸಂಜೆಯೊಳಗೆ ಉತ್ತರ ಸಿಗುವುದರಲ್ಲಿ ನನಗೆ ಸಂದೇಹವಿರಲಿಲ್ಲ.

ನಾನು ನೀರಾವರಿ ಕಚೇರಿಯೊಂದರಲ್ಲಿ ಗುಮಾಸ್ತ. ಹೊಳೆಯ ನೀರಿನ ಮಟ್ಟವನ್ನು ದಿನಕ್ಕೆರಡು ಸಲ ಬರೆದಿಡುವುದು ನನ್ನ ಕೆಲಸ. ಈ ಚಟ ಕಚೇರಿಯಲ್ಲೇ ಉಳಿಯದೆ ಮನೆಗೂ ಬಂತು. ಗಾಡಿಗೆಂದೇ ಒಂದು ನೋಟುಬುಕ್ಕು ಇಟ್ಟಿದ್ದೇನೆ. ಏಳು ವರ್ಷದಲ್ಲಿ ಓಡಿದ್ದು ಅರವತ್ತೊಂದು ಸಾವಿರ ಕಿಲೋಮೀಟರು. ಪಂಕ್ಚರ್ ಮೂವತ್ತೆಂಟು. ಬಿದ್ದದ್ದು ಐದು ಸಲ, ಅದರಲ್ಲಿ ಯಾರೂ ನೋಡದಂತೆ ಬಿದ್ದದ್ದು ಎರಡು. ಬಾದಾಮಿಗೆ ನಾಲ್ಕು ಸಲ, ಆಲಮಟ್ಟಿಗೆ ಒಂಬತ್ತು, ಗೋವಾಕ್ಕೆ ಒಮ್ಮೆ.

ಕೊನೆಯ ಪುಟಗಳಲ್ಲಿ ಎರಡು ಪಟ್ಟಿಗಳಿವೆ. ಒಂದು ‘ಬಾಕಿ ಕೆಲಸ’. ಅದರಲ್ಲಿ ‘ಚೈನ್ ಕವರ್ ಸಡಿಲು, ಬಿಗಿ ಮಾಡಿಸಬೇಕು’ ಎಂದು ನಲವತ್ತೊಂದು ಸಲ ಬರೆದಿದ್ದೇನೆ. ಇನ್ನೊಂದು ‘ಸಮಯಪಾಲನೆ’. ನಾನು ಎಲ್ಲಿಂದಲೇ ಬಂದು ಗಾಡಿ ನಿಲ್ಲಿಸಲಿ, ಹೆಂಡತಿ ಸವಿತಾ ಅದೇ ಗಳಿಗೆಗೆ ಒಲೆಯ ಮೇಲಿಂದ ಚಹಾ ಇಳಿಸುತ್ತಿರುತ್ತಾಳೆ. ಕಳೆದ ಒಂದು ವರ್ಷದಲ್ಲಿ ಹೀಗಾದದ್ದು ಇನ್ನೂರ ಹದಿನಾಲ್ಕು ಸಲ. ನನ್ನ ಶಿಸ್ತಿಗೆ ಇದಕ್ಕಿಂತ ಪುರಾವೆ ಬೇಕೆ?

ಹೊಸ ಗಾಡಿಯ ಆಸೆ ಹುಟ್ಟಿದ್ದು ಲಡಾಖಿನಿಂದ. ಅಲ್ಲಿಗೆ ಹೋಗಲು ದೊಡ್ಡ ಎಂಜಿನ್ ಬೇಕು ಎಂದು ಸವಿತಾಳಿಗೆ ವಿವರಿಸಿದೆ. ಅವಳು ರೊಟ್ಟಿ ಬಡಿಯುತ್ತಲೇ ಕೇಳಿದಳು.

“ಆಫೀಸಿನ್ಯಾಗ ರಜಾ ಎಷ್ಟ ದಿನ ಉಳದಾವ್ರಿ?”

“ಆರು.”

“ಲಡಾಖ್ ಮುಟ್ಟಾಕ ಎಷ್ಟ ದಿನ ಬೇಕು?”

“ಎಂಟು.”

“ಹಂಗಾರ ಮುಟ್ಟಿದ ಕೂಡ್ಲೆ ಅಲ್ಲೇ ಒಂದು ನೌಕರಿ ನೋಡ್ಕೋರಿ.”

ಇಂಥ ಮಾತಿಗೆ ಅಂಕವಿಲ್ಲವಾದ್ದರಿಂದ ನಾನು ಬರೆದುಕೊಳ್ಳಲಿಲ್ಲ.

ದೊಡ್ಡ ಗಾಡಿ ಇದ್ದದ್ದು ಬನಹಟ್ಟಿಯ ಈರಪ್ಪ ಕಾಕಾನ ಹತ್ತಿರ. ಎಂಟು ಪವರ್‌ಲೂಮ್ ಮಗ್ಗಗಳ ಒಡೆಯ, ನಮ್ಮ ತಂದೆಯ ಗೆಳೆಯ. ಮೊಣಕಾಲು ನೋವಿನಿಂದ ಅವನಿಗೆ ಆ ಗಾಡಿಯ ಕಿಕ್ ಹೊಡೆಯುವುದು ಆಗುತ್ತಿರಲಿಲ್ಲ. ನನ್ನ ಹಗುರ ಗಾಡಿ ಅವನಿಗೆ, ಅವನ ಭಾರದ ಗಾಡಿ ನನಗೆ. ಅದಕ್ಕೂ ಮೊದಲು ಒಂದು ದಿನ ಅದಲುಬದಲು ಮಾಡಿಕೊಂಡು ನೋಡೋಣವೆಂದು ಮಾತಾಗಿತ್ತು. ನಾನು ನೂರು ಅಂಕಗಳ ಪರೀಕ್ಷಾ ಪಟ್ಟಿಯನ್ನೇ ತಯಾರಿಸಿದ್ದೆ. ಅದರಲ್ಲಿ ‘ಸಪ್ಪಳದ ಗಾಂಭೀರ್ಯ’ಕ್ಕೆ ಹದಿನೈದು ಅಂಕ.

ಬನಹಟ್ಟಿಯ ಓಣಿಯಲ್ಲಿ ನನ್ನ ಗಾಡಿಯನ್ನು ಕಾಕಾನ ಮನೆಯ ಮುಂದೆ ಬಿಟ್ಟು ದೊಡ್ಡ ಗಾಡಿ ಏರಿ ಕುಳಿತೆ. ಕಿಕ್ ಹೊಡೆದೆ. ಆಹಾ! ಧಡ್ ಧಡ್ ಧಡ್ ಎಂಬ ಆ ಗಂಭೀರ ನಾದ ಸೀಟಿನಿಂದ ಬೆನ್ನುಹುರಿಗೆ ಏರಿತು. ಕಣ್ಣು ಮುಚ್ಚಿಕೊಂಡೆ, ಹಿಮಾಲಯ ಕಂಡಿತು. ನೋಟುಬುಕ್ಕು ತೆಗೆದು ಹದಿನೈದಕ್ಕೆ ಹದಿನೈದು ಕೊಟ್ಟೆ.

ಈರಪ್ಪ ಕಾಕಾ ಕಟ್ಟೆಯ ಮೇಲಿಂದ ಸಮಾಧಾನವಾಗಿ ಹೇಳಿದ. “ತಮ್ಮಾ, ಗಾಡಿ ಇನ್ನಾ ಚಾಲೂ ಆಗಿಲ್ಲ. ಅದು ನಮ್ಮ ಮಗ್ಗದ ಸಪ್ಪಳ.”

ಆ ಕ್ಷಣಕ್ಕೇ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಹಿಮಾಲಯವೂ ನಿಂತಿತು. ಆ ಮೌನದಲ್ಲಿ ನಾನು ಇನ್ನೂ ಹನ್ನೊಂದು ಕಿಕ್ ಹೊಡೆದೆ. ಎಣಿಸಿದವನು ನಾನಲ್ಲ, ಓಣಿಯ ಜನ.

ಮುಧೋಳದವರೆಗೆ ಹೋಗಿ ಬರೋಣವೆಂದು ಕೊನೆಗೂ ಹೊರಟೆ. ಕಬ್ಬಿನ ಹಂಗಾಮು ಆಗಷ್ಟೇ ಸುರುವಾಗಿತ್ತು. ಮಹಾಲಿಂಗಪುರದ ರಸ್ತೆಗೆ ಬರುತ್ತಲೇ ಮುಂದೆ ಎರಡು ಟ್ರಾಲಿ ಕಬ್ಬು ಹೇರಿದ ಟ್ರ್ಯಾಕ್ಟರ್, ಅದರ ಮುಂದೆ ಇನ್ನೊಂದು, ಅದರಾಚೆಗೂ ಒಂದು. ಹಿಮಾಲಯ ಏರಬಲ್ಲ ಯಂತ್ರ ಗಂಟೆಗೆ ಹನ್ನೆರಡು ಕಿಲೋಮೀಟರ್ ವೇಗದಲ್ಲಿ ಕಬ್ಬಿನ ಸೋಗೆಯನ್ನು ಹಿಂಬಾಲಿಸಿತು. ನಮ್ಮನ್ನು ಒಂದು ಸೈಕಲ್ ದಾಟಿಹೋಯಿತು.

ಎಂಜಿನ್ ಕಾಯ್ದಿತೆಂದು ಹೊಲದ ಅಂಚಿಗೆ ನಿಲ್ಲಿಸಿ ಅಂಕ ಬರೆಯತೊಡಗಿದೆ. ಹಿಂದಿನ ದಿನವಷ್ಟೇ ನೀರು ಹಾಯಿಸಿದ ಎರೆ ಹೊಲ! ಸ್ಟ್ಯಾಂಡು ನಿಧಾನವಾಗಿ ಮಣ್ಣಿನೊಳಗೆ ಇಳಿಯಿತು. ‘ಸ್ಥಿರತೆ: ಹತ್ತಕ್ಕೆ ಒಂಬತ್ತು’ ಎಂದು ಬರೆದು ತಲೆ ಎತ್ತಿದರೆ ಗಾಡಿ ಮಲಗಿತ್ತು. ಕಬ್ಬು ಕಡಿಯುತ್ತಿದ್ದ ನಾಲ್ವರು ಬಂದು ಎತ್ತಿದರು. ಅವರಲ್ಲಿ ಹಿರಿಯನೊಬ್ಬ ನನ್ನನ್ನೂ ಗಾಡಿಯನ್ನೂ ಅಳೆದು ನೋಡಿ ಕೇಳಿದ.

“ಗಾಡಿ ನೀವು ತಂದೀರ್ಯೋ, ಗಾಡಿ ನಿಮ್ಮನ್ನ ತಂದೈತ್ಯೋ?”

ಮುಧೋಳದ ದಾರಿ ಅಲ್ಲಿಗೇ ಬಿಟ್ಟು ಊರಿಗೆ ತಿರುಗಿದೆ. ನಾಲ್ಕಕ್ಕೆ ಬರುತ್ತೇನೆಂದು ಹೇಳಿದ್ದೆ, ಸರಿಯಾಗಿ ನಾಲ್ಕಕ್ಕೇ ಮನೆ ಮುಟ್ಟಿದೆ. ಚಹಾ ಇರಲಿಲ್ಲ. ಒಲೆ ತಣ್ಣಗಿತ್ತು. ಸವಿತಾ ಪಕ್ಕದ ಮನೆಯ ಕಟ್ಟೆಯಲ್ಲಿ ಶೇಂಗಾ ಸುಲಿಯುತ್ತ ಕುಳಿತಿದ್ದಳು. ಬೋರು ಕೊರೆಯುವ ಲಾರಿ ಯಾರ ಮನೆಗೆ ಬಂತೋ ಎಂದು ಆಗಷ್ಟೇ ಮಾತಾಡಿಕೊಂಡರಂತೆ. ಆ ಲಾರಿ ನಾನೇ.

ಸಮಯಪಾಲನೆಯ ಪುಟ ತೆರೆದು ಅವಳ ಮುಂದೆ ಹಿಡಿದೆ. ಇನ್ನೂರ ಹದಿನಾಲ್ಕು ಸಲ ತಪ್ಪದಿದ್ದದ್ದು ಇವತ್ತು ಏಕೆ ತಪ್ಪಿತು? ಅವಳು ಪುಟವನ್ನು ಓದಿ ನಕ್ಕಳು.

“ಗಡಿಯಾರ ಯಾರ ನೋಡ್ತಾರ್ರೀ? ನಿಮ್ಮ ಗಾಡಿ ಓಣಿ ಮೂಲಿಗೆ ಟಿಣಿಟಿಣಿ ಅಂತಂದ್ರ ನಾ ಚಾ ಇಡ್ತೇನಿ. ಗಲಗಲಿಯಾಗೂ ಹಂಗ ಇಡ್ತಿದ್ದೆ.”

ಗಲಗಲಿ ಅವಳ ತವರು. ನಮ್ಮ ನಿಶ್ಚಯವಾದ ಮೇಲಿನ ಮೊದಲ ಭಾನುವಾರ ಅಲ್ಲಿಗೆ ಹೊರಟವನು ಹೊಳೆಯ ಕಡೆಗಿನ ಇಳಿಜಾರಿನಲ್ಲಿ ಅವಸರ ಮಾಡಿ ಬಿದ್ದಿದ್ದೆ. ಯಾರೂ ನೋಡದ ಎರಡರಲ್ಲಿ ಅದೊಂದು. ಚೈನ್ ಕವರ್ ಬಾಗಿ ಟಿಣಿಟಿಣಿ ಎನ್ನತೊಡಗಿದ್ದು ಅಂದೇ. ಆಮೇಲೆ ಮದುವೆಯವರೆಗೆ ಹದಿನೇಳು ಭಾನುವಾರ, ಒಂದಲ್ಲ ಒಂದು ನೆಪದಲ್ಲಿ ಹೋದೆ. ಆಲಮಟ್ಟಿಯ ಹಿನ್ನೀರಿನ ಮೇಲಿಂದ ಬರುವ ಗಾಳಿಯಲ್ಲಿ ಆ ಟಿಣಿಟಿಣಿ ಅರ್ಧ ಮೈಲಿಯಿಂದಲೇ ಕೇಳಿಸುತ್ತಿತ್ತಂತೆ. ಅವಳು ಒಳಗೆ ಓಡುತ್ತಿದ್ದಳಂತೆ. ನಾನು ಬಾಗಿಲಿಗೆ ಬಂದಾಗ ಚಹಾ ಕಪ್ಪು-ಬಸಿಯಲ್ಲಿರುತ್ತಿತ್ತು. ಭಾವೀ ಮಾವನವರು ಅದನ್ನು ನನ್ನ ಸಮಯಪ್ರಜ್ಞೆಯೆಂದು ಊರೆಲ್ಲ ಹೊಗಳಿದ್ದರು. ನಾನೂ ನಂಬಿದ್ದೆ.

ಹದಿನೇಳೂ ಭಾನುವಾರಗಳ ದಿನಾಂಕ ನನ್ನ ಬುಕ್ಕಿನಲ್ಲಿತ್ತು. ಈ ಸಂಗತಿ ಇರಲಿಲ್ಲ. ನೂರು ಅಂಕದ ಪಟ್ಟಿಯನ್ನು ಹರಿದೆ. ಪ್ರಶ್ನೆ ಇತ್ಯರ್ಥವಾಗಿತ್ತು. ಲೋಕದ ಯಾವ ಗಾಡಿಗೂ ನನ್ನ ಗಾಡಿ ಕೊಡುವುದಿಲ್ಲ!

ಐದೂವರೆಗೆ ಮತ್ತೆ ಬನಹಟ್ಟಿಯಲ್ಲಿದ್ದೆ. ಅದಲುಬದಲು ಬೇಡವೆಂದು ತಡವರಿಸಿ ಹೇಳಿದೆ. ಈರಪ್ಪ ಕಾಕಾ ಬೇಸರಪಡಲಿಲ್ಲ. ಅವನ ಮುಖದಲ್ಲಿ ಉಪಕಾರ ಮಾಡಿದವನ ತೃಪ್ತಿ ಇತ್ತು.

“ಒಯ್ಯಿ ತಮ್ಮಾ. ಆದ್ರ ಅಂಥಾ ಗಾಡಿ ಹೆಂಗ ಹೊಡೀತಿದ್ದೀಪಾ? ಎಂಟು ಮಗ್ಗದಾಗ ಒಂದು ನಟ್ಟು ಸಡಿಲಾದ್ರ ನನಗ ನಿದ್ದಿ ಹತ್ತೂದಿಲ್ಲ. ಮಧ್ಯಾಹ್ನ ಕರೆಂಟ್ ಇರ್ಲಿಲ್ಲ. ಕುಂತು ಚೈನ್ ಕವರ್ ಬಡದು ನೆಟ್ಟಗ ಮಾಡಿ, ಮಗ್ಗದ ಬೋಲ್ಟು ಹಾಕಿ ಬಿಗದೇನಿ. ಇನ್ನ ನಿನ್ನ ಜನ್ಮದಾಗ ಸಪ್ಪಳ ಬರೂದಿಲ್ಲ.”

ಬಂದಿಲ್ಲ. ಅಂದು ನನ್ನ ಗಾಡಿ ರೇಷ್ಮೆಯ ಮೇಲೆ ಓಡಿದಂತೆ ಜಮಖಂಡಿಗೆ ಬಂತು. ಬಾಗಿಲು ತೆರೆದು ಒಳಗೆ ಹೋಗಿ ಐದು ನಿಮಿಷ ಕುಳಿತ ಮೇಲೆ ಸವಿತಾ ಅಡುಗೆಮನೆಯಿಂದ ಇಣುಕಿ, “ಯಾವಾಗ ಬಂದ್ರಿ?” ಎಂದಳು.

ಮರುದಿನವೇ ಬೋಲ್ಟು ಸಡಿಲಿಸಿದೆ. ಕವರು ಟಪ್ ಟಪ್ ಎನ್ನುತ್ತದೆ, ಟಿಣಿ ಎನ್ನುವುದಿಲ್ಲ. ಸುತ್ತಿಗೆಯಿಂದ ಬಾಗಿಸಿದೆ. ಗರ್ ಎಂದಿತು. ಅದೇ ಇಳಿಜಾರಿಗೆ ಹೋಗಿ ಮತ್ತೆ ಬೀಳೋಣವೆಂದರೆ, ಈಗಲ್ಲಿ ಅರ್ಧ ಇಳಿಜಾರು ಹಿನ್ನೀರಿನಲ್ಲಿದೆ. ಉಳಿದರ್ಧದಲ್ಲಿ ಬಿದ್ದು ನೋಡಿದೆ. ಬಿದ್ದದ್ದು ಒಟ್ಟು ಆರು, ಯಾರೂ ನೋಡದಂತೆ ಬಿದ್ದದ್ದು ಎರಡೇ.

ನೆಟ್ಟಗಾದ ಚೈನ್ ಕವರನ್ನು ಮೊದಲಿನಂತೆ ಸೊಟ್ಟ ಮಾಡುವ ಕ್ರಮ ಬಲ್ಲವರು ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಬರೆಯಬೇಕು. ಎಷ್ಟು ವೇಗ, ಎಷ್ಟು ಆಳದ ಗುಂಡಿ, ಯಾವ ಮಗ್ಗುಲಿಗೆ ಬೀಳಬೇಕು ಎಂಬುದನ್ನು ಸ್ಪಷ್ಟವಾಗಿ ತಿಳಿಸಿದರೆ ಅನುಕೂಲ. ಅಲ್ಲಿಯವರೆಗೆ ಮೂಲೆಗೆ ಬಂದಾಗ ನಾನೇ ಬಾಯಿಂದ ಟಿಣಿಟಿಣಿ ಅನ್ನುತ್ತಿದ್ದೇನೆ. ಓಣಿಯವರೆಲ್ಲ ಹೊರಗೆ ಬಂದು ನೋಡುತ್ತಾರೆ. ಚಹಾ ಮಾತ್ರ ಇನ್ನೂ ಬಂದಿಲ್ಲ.