ಮಾಸ್ತರರ ಚಹಾ ನಕಾಶೆ

ಮತದಾರರ ಪಟ್ಟಿ ತಿದ್ದಲು ಹಳೆ ಬಾಗಲಕೋಟೆಯ ಓಣಿ ಓಣಿ ತಿರುಗಿದ ವಿಜಯಮಹಾಂತೇಶ ಮಾಸ್ತರರಿಗೆ ಹೆಸರುಗಳಿಗಿಂತ ಹೆಚ್ಚು ನೆನಪುಳಿದದ್ದು ಕುಡಿದ ಚಹಾ. ಹೊಸ್ತಿಲು ದಾಟಿದವರನ್ನು ಚಹಾ ಕುಡಿಸದೆ ಕಳಿಸುವ ಪದ್ಧತಿ ಆ ಊರಲ್ಲಿಲ್ಲ. "ಅರ್ಧಾ ಕಪ್ಪರ ಕುಡೀರಿ" ಎಂದು ಕೈಹಿಡಿದು ಕೂರಿಸುತ್ತಾರೆ. ಅದು ೨೦೦೮ನೇ ಇಸವಿ. ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ತಮ್ಮದೇ ನಕಾಶೆ ಮಾಡಿ ಗೆಳೆಯರಿಗೆ ಕಳಿಸಬಹುದೆಂದು ಗೊತ್ತಾದದ್ದೇ ತಡ, ಮಾಸ್ತರರು ಚಮನಸಾಬನ ಸೈಬರ್ ಕೆಫೆಯಲ್ಲಿ ನಾಲ್ಕು ರವಿವಾರ ಕೂತು ಒಂದನ್ನು ಮಾಡಿಯೇಬಿಟ್ಟರು. ಚಲೋ ಚಹಾದ ಮನೆಗೆ ಹಸಿರು ಗುರುತು, ಬಾಯಿಗಿಡಲಾಗದ ಚಹಾದ ಮನೆಗೆ ಕೆಂಪು. ಬಾದಾಮಿ, ಇಳಕಲ್ಲಿನ ಇಬ್ಬರು ಚಹಾ ಹುಚ್ಚಿನ ಗೆಳೆಯರಿಗೆ ಅದನ್ನು ಕಳಿಸಿ, ಗೋಡೆಗಂಟಿಸಲೆಂದು ಬಣ್ಣದ ಪ್ರಿಂಟೊಂದನ್ನು ತೆಗೆಸಿಕೊಂಡು ಮನೆಗೆ ಹೋದರು.

ಪ್ರಿಂಟ್ ಚೆಂದ ಬಂದಿದೆಯೆಂದು ಚಮನಸಾಬ ಇನ್ನೊಂದು ಪ್ರತಿ ತೆಗೆದು ಅಂಗಡಿಯ ಬಾಗಿಲಿಗೆ ಅಂಟಿಸಿದ. ಎಡವಟ್ಟಾದದ್ದು ಅಲ್ಲೇ. ನಕಾಶೆಯ ಮೇಲೆ ಚಹಾ ಎಂಬ ಮಾತು ಎಲ್ಲೂ ಇರಲಿಲ್ಲ. ಡ್ಯಾಮಿನ ಹಿನ್ನೀರು ಬಂದು ಊರಿನ ಎಷ್ಟೋ ಓಣಿಗಳನ್ನು ನುಂಗಿದ ಮೇಲೆ ಅಲ್ಲಿನವರಿಗೆ ನಕಾಶೆ ಎಂದರೆ ಮುಳುಗಡೆ, ಮನೆಯ ಮೇಲೆ ಕೆಂಪು ಗುರುತು ಎಂದರೆ ಪರಿಹಾರಕ್ಕೆ ನವನಗರದಲ್ಲಿ ಸರಕಾರಿ ಪ್ಲಾಟು. ಬೇರೆ ಅರ್ಥ ಯಾರ ತಲೆಗೂ ಹೊಳೆಯುವುದಿಲ್ಲ.

ಮರುದಿನ ಮಾಸ್ತರರು ಹಲ್ಲುಜ್ಜುತ್ತಿರುವಾಗಲೇ ಪಕ್ಕದ ಮನೆಯ ಹನಮಪ್ಪ ಓಡಿ ಬಂದ.

"ಮಾಸ್ತರ, ಡ್ಯಾಮ್ ಮತ್ತ ಏರಸ್ತಾರಂತಲ್ರಿ! ನಮ್ಮ ಮನಿಗೆ ಕೆಂಪು ಹಾಕೀರಿ, ನಿಮ್ಮ ಉಪಕಾರ ಮರಿಯಂಗಿಲ್ಲ."

ಹನಮಪ್ಪನ ಮನೆಯ ಚಹಾ ಪಾತ್ರೆ ತೊಳೆದ ನೀರಿನಂತಿತ್ತು. ಮಾಸ್ತರರಿಗೆ ತಲೆಬುಡ ತಿಳಿಯಲಿಲ್ಲ.

"ಕೆಂಪು ಹಾಕಿದ್ದಕ್ಕ ನಿಮಗ ಸಿಟ್ಟು ಬಂದಿಲ್ಲೇನು?"

"ಸಿಟ್ಟ್ಯಾಕ್ರಿ? ನನ್ನ ತಮ್ಮನ ಮನಿಗೂ ಒಂದು ಹಾಕಿಬಿಡ್ರಿ, ಅವನಿಗೂ ಪ್ಲಾಟ್ ಸಿಗಲಿ."

ಅವನ ಬೆನ್ನಿಗೇ ಗುಲಾಬಬಿ ಕಣ್ಣೊರೆಸಿಕೊಳ್ಳುತ್ತ ಬಂದಳು. ಊರಿನಲ್ಲಿ ಒಂದನೇ ನಂಬರಿನ ಚಹಾ ಆಕೆಯದು, ಹಾಗಾಗಿ ಹಸಿರು.

"ನಾ ಏನ್ ತಪ್ಪು ಮಾಡೀನ್ರಿ ಮಾಸ್ತರ? ಓಣಿ ಮಂದೆಲ್ಲಾ ನವನಗರಕ್ಕ ಹೋದ್ರ ನಾ ಒಬ್ಬಾಕಿ ಇಲ್ಲಿ ಮೀನಾ ಹಿಡೀಲೇನು? ನಂದೂ ಕೆಂಪು ಮಾಡ್ರಿ."

"ಯವ್ವಾ, ನಿಮ್ಮ ಮನಿ ಕೆಂಪು ಮಾಡಾಕ ನನ್ನ ಮನಸ್ಸಾಕ್ಷಿ ಒಪ್ಪಂಗಿಲ್ರಿ!"

ಮಧ್ಯಾಹ್ನದ ಹೊತ್ತಿಗೆ ಕಟ್ಟೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಒಬ್ಬರು ಅಮೀನಗಡದ ಕರದಂಟು ತಂದರು, ಇನ್ನೊಬ್ಬರು ಬೈಗುಳ ತಂದರು. ಕೊನೆಗೆ ಹಸಿರು ಮನೆಯವರೆಲ್ಲ ಸೇರಿ ಮಾಸ್ತರರನ್ನು ಕೆಫೆಗೆ ನೂಕಿಕೊಂಡು ಹೋದರು. ಮಾಸ್ತರರು ಒಂದೊಂದೇ ಹಸಿರನ್ನು ಅಳಿಸಿ ಕೆಂಪು ಮಾಡಿದರು. ಗುಲಾಬಬಿಯ ಸರದಿ ಬಂದಾಗ ಮನಸ್ಸಿನಲ್ಲೇ ಆಕೆಯ ಚಹಾದ ಕ್ಷಮೆ ಕೇಳಿದರು.

"ಇದು ಚಹಾದ್ದು" ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಹೇಳುವುದು ಹೇಗೆ? ಕೆಂಪು ಮನೆಗಳಲ್ಲಿ ಎರಡು ಓಣಿಯಾಚೆಯ ಅಂದಪ್ಪನವರ ಮನೆಯೂ ಒಂದು. ಹನ್ನೊಂದು ಕಡೆ ಒಲ್ಲೆ ಎನಿಸಿಕೊಂಡ ಮೂವತ್ನಾಲ್ಕರ ಮಾಸ್ತರರಿಗೆ ಅಂದಪ್ಪನವರ ಮಗಳು ಬಸವೇಶ್ವರಿ ಮನಸ್ಸಿಗೆ ಹಿಡಿಸಿದ್ದಳು. ಹುಡುಗಿ ಬಂಗಾರ, ಅವ್ವನೊಂದಿಗೆ ಕನ್ಯೆ ನೋಡಲು ಹೋದ ದಿನ ಆಕೆ ತಂದುಕೊಟ್ಟ ಚಹಾ ಮಾತ್ರ ಕಷಾಯ. ಮಾಸ್ತರರು ಪ್ರಾಮಾಣಿಕರು, ಕೆಂಪು ಹಚ್ಚಿದ್ದರು. ಇವತ್ತು ಸಂಜೆ ಅಂದಪ್ಪ ಕೊನೆಯ ಮಾತು ಹೇಳಲು ಬರುವವರಿದ್ದರು.

ಬಂದರು. ಮಾಸ್ತರರ ಅವ್ವ ಸಂಗವ್ವ ಚಾಪೆ ಹಾಸಿದಳು. ಅಂದಪ್ಪ ಕೂತು ಗಂಟಲು ಸರಿಮಾಡಿಕೊಂಡರು.

"ತಪ್ಪು ತಿಳಕೋಬ್ಯಾಡ್ರಿ ಮಾಸ್ತರ. ನೀವು ಕೆಂಪು ಹಾಕಿದ್ದು ಊರಿಗೆಲ್ಲಾ ಗೊತ್ತಾತು. ನಮಗ ನವನಗರದಾಗ ಪ್ಲಾಟ್ ಸಿಗತೈತಿ ಅಂತ ಹುನಗುಂದದ ವಕೀಲರ ಮನಿಯಿಂದ ಬೆಳಿಗ್ಗೆನ ಫೋನ್ ಬಂತು, ಹುಡುಗಿ ಕೊಡ್ರಿ ಅಂತ. ನಿಮ್ಮ ಮನಿಗೆ ನೋಡಿದ್ರ ಯಾವ ಬಣ್ಣಾನೂ ಇಲ್ಲ. ಹೆಂಗ ಕೊಡ್ಲಿ?"

ಸುಮ್ಮನಿದ್ದರೆ ಹುಡುಗಿ ವಕೀಲರ ಪಾಲು. ಹೇಳಿದರೆ ಹುಡುಗಿಯ ಚಹಾಕ್ಕೆ ಅವಮಾನ. ಮಾಸ್ತರರು ಕಣ್ಣು ಮುಚ್ಚಿ ಹೇಳಿಯೇಬಿಟ್ಟರು.

"ಮಾವಾರ, ಅದು ಮುಳುಗಡಿ ನಕಾಶೆ ಅಲ್ರಿ. ಚಹಾದ್ದು. ಕೆಂಪು ಅಂದ್ರ... ಅವತ್ತು ನಿಮ್ಮ ಮನ್ಯಾಗಿನ ಚಹಾ ಬಾಯಾಗ ಇಡಾಕ ಬರಂಗಿರಲಿಲ್ರಿ. ಆದ್ರೂ ನನಗ ಬಸವೇಶ್ವರೀನ ಬೇಕ್ರಿ. ಜೀವನಪೂರ್ತಿ ಅದನ್ನ ಕುಡೀತೇನಿ!"

ಅಂದಪ್ಪನವರ ಕಣ್ಣು ಮೆಲ್ಲಗೆ ಮಾಸ್ತರರ ಹಿಂದೆ ನಿಂತಿದ್ದ ಸಂಗವ್ವನ ಕಡೆ ತಿರುಗಿತು.

"ಅವತ್ತ ಹುಡುಗಿ ಅಂಜಿ ಹಾಲು ಉಕ್ಕಿಸಿಬಿಟ್ಟಿದ್ಲು" ಎಂದಳು ಸಂಗವ್ವ, ತಣ್ಣಗೆ. "ನಾನ ಒಳಗ ಹೋಗಿ ಆ ಚಹಾ ಮಾಡಿದ್ದೆ."

ಅಂದಪ್ಪ ಎದ್ದು ಟೊಪ್ಪಿಗೆ ಏರಿಸಿದರು.

"ಹಡದ ಅವ್ವನ ಚಹಾಕ್ಕ ಕೆಂಪು ಹಚ್ಚಿ ಊರಿಗೆ ತೋರಿಸಿದಾವ ನನ್ನ ಮಗಳ ಅಡಗಿಗೆ ಏನೇನು ಬಣ್ಣ ಹಚ್ಚತಾನೋ! ವಕೀಲರ ಮನಿನ ಚಲೋ" ಎಂದು ಚಪ್ಪಲಿ ಮೆಟ್ಟಿ ಹೊರಟೇಹೋದರು.

ಮಾಸ್ತರರು ನಿಧಾನವಾಗಿ ಹಿಂದೆ ತಿರುಗಿದರು. ಸಂಗವ್ವ ಚಾಪೆಯ ಮೇಲೆ, ಅಂದಪ್ಪ ಕೂತಿದ್ದ ಜಾಗದಲ್ಲೇ, ಬೀಗತಿಯ ಗತ್ತಿನಲ್ಲಿ ಕೂತಿದ್ದಳು.

"ಒಲಿ ಮ್ಯಾಲ ಹಾಲು ಅದಾವು, ಪುಡಿ ಡಬ್ಬಿ ಅಲ್ಲೇ ಐತಿ. ಹೋಗಪಾ, ಚಹಾ ಮಾಡ್ಕೊಂಡು ಬಾ" ಎಂದಳು. "ಬಣ್ಣ ನಾ ಹಚ್ಚತೇನಿ."