ಸ್ವರ್ಣಕೇಶಿಯ ಬೂದಿ ಪ್ರಕರಣ

"ಅಮ್ಮಾ, ಚಿಕ್ಕಮ್ಮ ಒಲೆ ಒಳಗೆ ತಲೆ ಹಾಕಿದ್ಲಾ?"

ನನ್ನ ಐದು ವರ್ಷದ ಮಗಳು ಗುಬ್ಬಿ ಈ ಪ್ರಶ್ನೆ ಎಸೆದಾಗ ನಾನು ಒಗೆದ ಬಟ್ಟೆಯ ರಾಶಿಯಲ್ಲಿ ಅವಳ ಒಂಟಿ ಕಾಲುಚೀಲಕ್ಕೆ ಜೋಡಿ ಹುಡುಕುತ್ತಿದ್ದೆ. ತಲೆಯೆತ್ತಿ ನೋಡಿದರೆ ಬಾಗಿಲಲ್ಲಿ ನನ್ನ ಓರಗಿತ್ತಿ, ಮೈದುನನ ಹೆಂಡತಿ, ತಲೆಗೆ ಶಾಲು ಸುತ್ತಿಕೊಂಡು ನಿಂತಿದ್ದಳು. ಶಾಲಿನ ಅಂಚಿನಿಂದ ಕೂದಲಿನ ಒಂದು ಎಳೆ ಹೊರಗೆ ಇಣುಕುತ್ತಿತ್ತು. ಅದರ ಬಣ್ಣ ಕಂಡದ್ದೇ ತಡ, ನನ್ನ ಎದೆಯಲ್ಲಿ ಯಾರೋ ಮೆಲ್ಲಗೆ ಡೋಲು ಬಾರಿಸಿದಂತಾಯಿತು. (ದುಃಖದ ಡೋಲಲ್ಲ. ಡೈರಿಯಲ್ಲೂ ಸುಳ್ಳು ಬರೆದರೆ ಪೆನ್ನಿಗೇ ನಾಚಿಕೆಯಾದೀತು.)

ಈ ಓರಗಿತ್ತಿಯನ್ನು ನಾನು ಡೈರಿಯಲ್ಲಿ ಸ್ವರ್ಣಕೇಶಿ ಎಂದೇ ಕರೆಯುವುದು. ಹೋಟೆಲೊಂದರ ರಿಸೆಪ್ಷನ್ನಿನಲ್ಲಿ ಕೂರುವ ಕೆಲಸ ಅವಳದು. ಕಳೆದ ವರ್ಷ ಕೂದಲಿಗೆ ಹೊಂಬಣ್ಣ ಹಾಕಿಸಿಕೊಂಡು ಬಂದಳು ನೋಡಿ, ಅಂದಿನಿಂದ ನಮ್ಮ ಮನೆಯಲ್ಲಿ ಸೂರ್ಯ ಮೂಡುವುದೇ ಅವಳ ನೆತ್ತಿಯ ಮೇಲೆ. ಅತ್ತೆ "ಮನೆಗೆ ಬೆಳಕು ಬಂತು" ಎಂದರು. (ನಾನು ಬಂದಾಗ "ಬಾಗಿಲು ಹಾಕ್ಕೊಂಡು ಬಾ" ಎಂದಿದ್ದರು.) ನನ್ನ ಗಂಡನಂತೂ ಕನ್ನಡಕದಂಗಡಿಯಲ್ಲಿ ಊರಿನವರ ಕಣ್ಣೆಲ್ಲ ಪರೀಕ್ಷೆ ಮಾಡುವ ಮಹಾನುಭಾವ. ನಾನು ಅರ್ಧ ಮೊಳ ಕೂದಲು ಕತ್ತರಿಸಿಕೊಂಡು ಎದುರಿಗೆ ನಿಂತರೆ, "ಮನೇಲಿ ಏನೋ ಬದಲಾಗಿದೆಯಲ್ಲ, ಪರದೆ ಒಗೆದ್ಯಾ?" ಎಂದು ಕೇಳುವವರು. ಅವರೂ ಸ್ವರ್ಣಕೇಶಿಯನ್ನು ಕಂಡು, "ಆಹಾ, ದೀಪ ಹಚ್ಚಿದ ಹಾಗಿದೆ!" ಎಂದರು. ಆ ದೀಪದ ಎಣ್ಣೆ ನನ್ನ ಹೊಟ್ಟೆಯಲ್ಲಿ ಉರಿಯುತ್ತಿದೆ ಎಂದು ಯಾವ ಕನ್ನಡಕ ಹಾಕಿದರೂ ಅವರಿಗೆ ಕಾಣುವುದಿಲ್ಲ.

ಇಷ್ಟಕ್ಕೂ ಕೂದಲಿನ ವಿದ್ಯೆ ಕಲಿತವಳು ನಾನು! ಗುಬ್ಬಿ ಹುಟ್ಟುವವರೆಗೆ ಸಲೂನಿನಲ್ಲಿ ಬಣ್ಣದ ಬಟ್ಟಲು ಹಿಡಿದು ಎಷ್ಟೋ ತಲೆಗಳನ್ನು ಬೆಳಗಿದ್ದೆ. ಈಗ ಬೆಳಗುವುದು ಪಾತ್ರೆ.

ಮರುದಿನ ಭಾನುವಾರ, ಆಸ್ಪತ್ರೆಯ ಲಾಂಡ್ರಿಯಿಂದ ಅತ್ತೆ ನಿವೃತ್ತರಾದ ನೆನಪಿಗೆ ಇಡೀ ಮನೆಯವರ ಫೋಟೋ ತೆಗೆಯುವುದಿತ್ತು. ಹಿಂದಿನ ಫೋಟೋದಲ್ಲಿ ನಾನು ಮೈದುನನ ಭುಜದ ಹಿಂದೆ ಒಂದು ಕಿವಿಯಷ್ಟೇ ಉಳಿದಿದ್ದೆ. ಈ ಸಲ ನಡುವೆಯೇ ನಿಲ್ಲಬೇಕು, ನೋಡಿದವರು ಮೊದಲು ನನ್ನನ್ನೇ ನೋಡಬೇಕು ಎಂದು ಪಣ ತೊಟ್ಟು ಕಡುಹಸಿರು ಉಡುಪು ಕೊಂಡು, ಕಪಾಟಿನ ಬಾಗಿಲು ತೆರೆದು ತೆರೆದು ಅದನ್ನು ಮಾತಾಡಿಸುತ್ತಿದ್ದೆ. ಅಂಥ ಹೊತ್ತಿನಲ್ಲಿ ಸ್ವರ್ಣಕೇಶಿ ಭಸ್ಮಕೇಶಿಯಾಗಿ ಬಂದು ನಿಂತರೆ ಡೋಲು ಬಡಿಯದೆ ಇನ್ನೇನಾದೀತು?

ಅವಳು ಶಾಲು ತೆಗೆದಳು. ಅಬ್ಬಾ! ಬುಡದಿಂದ ತುದಿವರೆಗೆ ತಣ್ಣಗಾದ ಒಲೆಯ ಬೂದಿ. ಕಿವಿಯ ಹತ್ತಿರ ಮಾತ್ರ ಸ್ವಲ್ಪ ನೇರಳೆ.

"ಏನೇ ಇದು?"

"ನೀವೇ ಹೇಳಿದ್ರಲ್ಲ ಅಕ್ಕಾ, ನನ್ನ ಕೂದಲು ಹಿತ್ತಾಳೆ ಥರ ಆಗಿದೆ ಅಂತ."

ಹೌದು, ಹೋದ ತಿಂಗಳು ಹೇಳಿದ್ದೆ. ಹೊಂಬಣ್ಣ ಹಳತಾಗಿ ಹಳದಿಗೆ ತಿರುಗಿದರೆ ಸಲೂನಿನಲ್ಲಿ ಹಾಗೆ ಅನ್ನುವುದು ವಾಡಿಕೆಯೇ. (ಅದನ್ನು ಊಟದ ಮೇಜಿನಲ್ಲಿ, ಎಲ್ಲರಿಗೂ ಕೇಳಿಸುವಂತೆ ಹೇಳುವುದು ವಾಡಿಕೆಯಲ್ಲ. ಅದು ನನ್ನ ಸ್ವಂತ ಕೊಡುಗೆ.) ಪಾಪದ ಹುಡುಗಿ ಹಳದಿಯನ್ನು ಅಡಗಿಸುವ ನೇರಳೆ ಶಾಂಪೂ ತಂದುಕೊಂಡಿದ್ದಾಳೆ.

"ಅದನ್ನ ವಾರಕ್ಕೊಂದ್ಸಲ ಹಚ್ಚಿ ತಕ್ಷಣ ತೊಳೀಬೇಕು ಕಣೇ!"

"ಬಾಟಲಿ ಮೇಲೆ ಹಾಗೇ ಬರೆದಿತ್ತು. ಅತ್ತೇನ ಕೇಳಿದೆ. ಬಿಳಿ ಬಟ್ಟೆಗೆ ನೀಲಿ ಹಾಕ್ದಂಗೇ ಅಲ್ವೇನೇ ಇದು, ಎಷ್ಟು ನೆನೆಸ್ತೀಯೋ ಅಷ್ಟು ಹೊಳಪು ಅಂದ್ರು. ದಿನಾ ನೆನೆಸಿದೆ. ಇವತ್ತು ತಲೆಗೆ ಪ್ಲಾಸ್ಟಿಕ್ ಚೀಲ ಕಟ್ಕೊಂಡು ಮನೆ ಎಲ್ಲಾ ಗುಡಿಸಿ ಒರೆಸಿದೆ."

ಅಷ್ಟರಲ್ಲಿ ತಮ್ಮ ಹೆಸರು ಕೇಳಿ ಅತ್ತೆಯೇ ಬಂದರು. ಹುಡುಗಿಯ ತಲೆಯನ್ನು ಬೆಳಕಿಗೆ ತಿರುಗಿಸಿ, ದಿಂಬಿನ ಚೀಲ ಪರೀಕ್ಷಿಸುವಂತೆ ನೋಡಿದರು.

"ನೀಲಿ ಜಾಸ್ತಿಯಾಯ್ತು ಅಷ್ಟೆ. ಬಿಸಿಲಿಗೆ ಹರವಿದ್ರೆ ಹೋಗತ್ತೆ."

"ಅತ್ತೇ, ಇದು ತಲೆ, ಹಗ್ಗಕ್ಕೆ ಹೇಗೆ ಹಾಕೋದು?" ಎಂದೆ ನಾನು.

"ನೀನು ಸುಮ್ನಿರು. ನನ್ನ ಬಟ್ಟೆ ಯಾವತ್ತಾದ್ರೂ ಹೀಗಾಗಿದ್ಯಾ? ಕೂದಲಲ್ಲೇ ಏನೋ ದೋಷ ಇದೆ," ಎಂದು ತೀರ್ಪು ಕೊಟ್ಟು ಅತ್ತೆ ಹೊರಟೇಹೋದರು.

ನಾನು ಮುಖವನ್ನು ಆದಷ್ಟು ಗಂಭೀರ ಮಾಡಿಕೊಂಡು, "ಚೆನ್ನಾಗೇ ಇದೆ ಕಣೇ. ಈಗ ಇದೇ ಫ್ಯಾಷನ್ನು. ನಾಳೆ ಫೋಟೋಕ್ಕೆ ಹೀಗೇ ಇರಲಿ," ಎಂದೆ. ಎಂಥ ಔದಾರ್ಯ ನನ್ನದು!

"ಅಕ್ಕಾ, ಕನ್ನಡೀಲಿ ಅತ್ತೆ ಕಾಣಿಸ್ತಾರೆ," ಎಂದವಳೇ ಕಾಲುಚೀಲಗಳ ರಾಶಿಯ ಮೇಲೆ ಕುಸಿದು ಅಳತೊಡಗಿದಳು. ಗುಬ್ಬಿ ಹೋಗಿ ಒಂಟಿ ಕಾಲುಚೀಲದಿಂದ ಅವಳ ಕಣ್ಣೊರೆಸಿದಳು. ಹೊಟ್ಟೆಕಿಚ್ಚಿಗೂ ಒಂದು ಮಿತಿ ಇಲ್ಲವೆ? ಮಗುವೊಂದು ಯಾರನ್ನಾದರೂ ಸಮಾಧಾನ ಮಾಡುವುದನ್ನು ನೋಡುತ್ತ ಕೂತು, ನಾನು ಮಾತ್ರ ಡೋಲು ಬಾರಿಸುವುದು ಹೇಗೆ?

"ಏಳು, ಮೂಗು ಸೀಟ್ಕೋ. ಬಚ್ಚಲಿಗೆ ಬಾ," ಎಂದೆ. ಜೊತೆಗೆ ಇನ್ನೊಂದು ಯೋಚನೆಯೂ ಸದ್ದಿಲ್ಲದೆ ಬಂದು ಪಕ್ಕದಲ್ಲಿ ಕೂತಿತ್ತು. ನಾಳೆ ಎಲ್ಲರೂ ಬೆರಗಾಗಿ, "ಯಾರು ಮಾಡಿದ್ದು ಇದನ್ನ?" ಎಂದು ಕೇಳಿಯೇ ಕೇಳುತ್ತಾರೆ. ಆಗ ನಾನು ತಲೆ ತಗ್ಗಿಸಿ, "ಅಯ್ಯೋ, ಏನು ಮಹಾ," ಅನ್ನುತ್ತೇನೆ. ಇದನ್ನು ಕನ್ನಡಿಯ ಮುಂದೆ ಅಭ್ಯಾಸ ಕೂಡ ಮಾಡಿದೆ.

ಬೂದಿ ಹಿಡಿದ ಕೂದಲಿಗೆ ಮತ್ತೆ ಬ್ಲೀಚ್ ಹಾಕುವುದು ಮೂರ್ಖತನ. ಕೂತಿರುವ ನೇರಳೆಯನ್ನು ಆಳವಾಗಿ ತೊಳೆಯುವ ಶಾಂಪೂವಿನಿಂದ ಇಳಿಸಿ, ಆಮೇಲೆ ತೆಳುವಾದ ಚಿನ್ನದ ಬಣ್ಣ ಹಚ್ಚಬೇಕು. ಬೂದಿ ತಣ್ಣನೆಯ ಬಣ್ಣ, ಅದಕ್ಕೆ ಬೇಕಾದದ್ದು ಬಿಸುಪು. ಹಳೆಯ ಪೆಟ್ಟಿಗೆ ತೆರೆದು ಕುಂಚ, ಬಟ್ಟಲು, ಟ್ಯೂಬುಗಳನ್ನು ಸಾಲಾಗಿ ಇಟ್ಟೆ. ಕೈಗವಸು ಮಾತ್ರ ಸಿಗಲಿಲ್ಲ. (ಗುಬ್ಬಿ ಅದಕ್ಕೆ ನೀರು ತುಂಬಿ ಹಸು ಮಾಡಿ ಹಾಲು ಕರೆದಿದ್ದಳು.) ಬರಿಗೈಯಲ್ಲೇ ಇಳಿದೆ.

ಶಾಂಪೂ ಹಾಕಿ ತೊಳೆದ ಮೇಲೆ, ಮೊದಲು ಕಿವಿಯ ಹಿಂದಿನ ಒಂದೇ ಎಳೆಗೆ ಬಣ್ಣ ಹಚ್ಚಿ ನೋಡಿದೆ. ಕ್ಯಾರೆಟ್ಟಿನಂತೆ ಕೆಂಪಗಾಯಿತು.

"ಹೇಗಾಯ್ತು ಅಕ್ಕಾ?" ಎಂದಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ.

ದೇವರಾಣೆಗೂ ಆ ಗಳಿಗೆಯಲ್ಲಿ ಬಚ್ಚಲುಮನೆಯಲ್ಲಿ ನಾವು ಮೂವರಲ್ಲ, ನಾಲ್ವರಿದ್ದೆವು. ನಾಲ್ಕನೆಯದು ನನ್ನ ಭುಜದ ಮೇಲೆ ಕೂತು, "ಇದನ್ನೇ ಇಡೀ ತಲೆಗೆ ಬಳಿದುಬಿಡು. ಕೇಳಿದ್ರೆ ಟ್ಯೂಬು ಹಳೇದು ಅನ್ನು," ಎಂದು ಪಿಸುಗುಟ್ಟುತ್ತಿತ್ತು. ಅವಳು ಕತ್ತನ್ನು ನನ್ನ ಕೈಗೆ ಕೊಟ್ಟು ಮಗುವಿನಂತೆ ಒರಗಿದ್ದಳು. ನನ್ನ ಹೊಟ್ಟೆ ಏನೇ ಹೇಳಲಿ, ಕೈ ಕೇಳಬೇಕಲ್ಲ. ಅದು ತಾನಾಗಿಯೇ ಬಣ್ಣಕ್ಕೆ ಇನ್ನಷ್ಟು ಕ್ರೀಮು ಬೆರೆಸಿ, ತೆಳು ಮಾಡಿ, ಇನ್ನೊಂದು ಎಳೆಗೆ ಹಚ್ಚಿ, ಒರೆಸಿ ನೋಡಿ, ಸರಿ ಎಂದು ತಲೆಯಾಡಿಸಿತು. (ಕೈಗೆ ತಲೆ ಎಲ್ಲಿಂದ ಬಂತು ಎಂದು ಕೇಳಬೇಡಿ. ಆಗ ನನ್ನ ಕೈಗಿದ್ದಷ್ಟು ತಲೆ ನನಗಿರಲಿಲ್ಲ.)

ಕಾಯುವಾಗ ಬಕೆಟ್ಟಿನ ಮೇಲೆ ಕೂತು ಅವಳ ತಲೆಯನ್ನೇ ನೋಡುತ್ತಿದ್ದೆ. ಬೂದಿ ಮೆಲ್ಲಗೆ ಸರಿದು ಒಳಗಿನಿಂದ ಬೆಳಕು ಬರತೊಡಗಿತು.

"ಅಮ್ಮಾ, ಚಿಕ್ಕಮ್ಮನ ತಲೇಲಿ ಜೇನು ಬಂತು!" ಎಂದು ಗುಬ್ಬಿ ಕುಣಿದಳು.

ತೊಳೆದು ಒಣಗಿಸಿದೆ. ಮೊದಲಿಗಿಂತ ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತೆಂದರೆ, ನನಗೇ ನನ್ನ ಮೇಲೆ ಸಿಟ್ಟು ಬಂತು.

ಭಾನುವಾರ ಅಂಗಳದಲ್ಲಿ ಎಲ್ಲರೂ ಸೇರಿದರು. ಸ್ವರ್ಣಕೇಶಿ ಹೊರಗೆ ಬಂದೊಡನೆ ಮೈದುನ ಸೀಟಿ ಹೊಡೆದ. ಅತ್ತೆ, "ನಾನು ಹೇಳ್ಲಿಲ್ವಾ, ನೆನೆಸಿದ್ರೆ ಹೊಳಪು ಬರತ್ತೆ ಅಂತ!" ಎಂದು ಇಡೀ ಕೀರ್ತಿಯನ್ನು ಒಂದೇ ತುತ್ತಿಗೆ ನುಂಗಿದರು. ನನ್ನ ಗಂಡ ಅವಳನ್ನು ನೋಡಿ, ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿ, ನನ್ನ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು. ಬಂತು, ನನ್ನ ಕಾಲ ಬಂತು! ನಾನು ತಲೆ ತಗ್ಗಿಸಿ, "ಅಯ್ಯೋ, ಏನು ಮಹಾ," ಎಂದೆ.

"ಏನು ಮಹಾ ಅಂದ್ರೆ? ಉಗುರೆಲ್ಲಾ ಹಳದಿ ಆಗಿದೆ ಕಣೇ. ಕಾಮಾಲೆ ಇರಬಹುದು, ನಾಳೆ ಡಾಕ್ಟರಿಗೆ ತೋರ್ಸು."

ಹೋಗಲಿ, ಕೀರ್ತಿ ಹೋದರೆ ಹೋಗಲಿ, ಫೋಟೋ ಇದೆಯಲ್ಲ! ಹಳದಿ ಉಗುರುಗಳನ್ನು ಬೆನ್ನ ಹಿಂದೆ ಬಚ್ಚಿಟ್ಟು, ಅತ್ತೆಯ ಕುರ್ಚಿಯ ಹಿಂದೆ ನಟ್ಟನಡುವೆ ಕೋಟೆ ಗೆದ್ದವಳಂತೆ ನಿಂತೆ. ನನ್ನ ಗಂಡ ಮೇಜಿನ ಮೇಲೆ ಡಬ್ಬಗಳನ್ನು ಪೇರಿಸಿ ಫೋನು ನಿಲ್ಲಿಸಿ, ಗುಂಡಿ ಒತ್ತಿ ಓಡಿ ಬಂದು ಸೇರಿಕೊಂಡರು. ಕ್ಲಿಕ್ ಎಂದಿತು. ಎಲ್ಲರೂ ಬಗ್ಗಿ ನೋಡಿದೆವು.

ನಾನು ಬಂದಿದ್ದೆ! ಇಡಿಯಾಗಿ, ಎರಡೂ ಕಿವಿಗಳ ಸಮೇತ! ಹಸಿರು ಉಡುಪು, ತುಟಿಯಂಚಿನಲ್ಲಿ ಹಿತವಾದ ನಗೆ, ನೋಡಿದವರ ಕಣ್ಣು ಮೊದಲು ಬೀಳುವುದು ನನ್ನ ಮೇಲೆಯೇ. "ಇದೇ ಸಾಕು, ಇದನ್ನೇ ಕಟ್ಟು ಹಾಕ್ಸೋಣ," ಎಂದೆ ಆತುರಾತುರವಾಗಿ.

"ಅಯ್ಯೋ, ನನ್ನ ಕೂದಲು ಮತ್ತೆ ಬೂದಿ!" ಎಂದು ಸ್ವರ್ಣಕೇಶಿ ಚೀರಿದಳು. ಅಂಗಳದ ನೆರಳೋ, ಫೋನಿನ ಅತಿಬುದ್ಧಿಯೋ, ಫೋಟೋದಲ್ಲಿ ಅವಳ ಜೇನು ಮಂಕಾಗಿತ್ತು. ಅತ್ತೆ, "ಅಳಿಸು, ಅಳಿಸು, ಮನೆ ಬೆಳಕೇ ಹೋಗಿದೆ," ಎಂದರು. ಮೈದುನ ಅಳಿಸಿಯೇಬಿಟ್ಟ. ನನ್ನ ಬದುಕಿನ ಏಕೈಕ ಒಳ್ಳೆಯ ಫೋಟೋ ಅವನ ಹೆಬ್ಬೆರಳಿನಡಿ ಅಸುನೀಗಿತು.

ಇನ್ನೊಮ್ಮೆ ತೆಗೆದರೆ ಇನ್ನೊಮ್ಮೆ ನಗುತ್ತೇನೆ, ಅದಕ್ಕೇನು ಎಂದು ಧೈರ್ಯ ತಂದುಕೊಂಡು ನನ್ನ ನಡುಜಾಗಕ್ಕೆ ಮರಳುತ್ತಿದ್ದೆ. ಸ್ವರ್ಣಕೇಶಿ ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಕಣ್ಣಲ್ಲಿ ನಿಜವಾದ ಅಕ್ಕರೆ, ತಲೆಯ ತುಂಬ ನಾನೇ ಹಚ್ಚಿದ ಬೆಳಕು.

"ಅಕ್ಕಾ, ಒಂದೇ ಒಂದು ಉಪಕಾರ ಮಾಡಿ. ನನ್ನ ಬಣ್ಣ ನಿಜವಾಗ್ಲೂ ಯಾವುದು ಅಂತ ಈ ಮನೇಲಿ ಗೊತ್ತಿರೋದು ನಿಮಗೊಬ್ಬರಿಗೇ. ನಾವೆಲ್ಲ ಇಲ್ಲೇ ಹೀಗೇ ನಿಂತಿರ್ತೀವಿ, ನೀವು ಆ ಕಡೆ ಹೋಗಿ ಫೋಟೋ ತೆಗೀತೀರಾ?"